ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು: ಪುಕ್ಕಟೆ ಕರೆಂಟಿನ ಯಂತ್ರಗಳ ಕುರಿತು

(ರಾಯಚೂರಿನಲ್ಲಿ ಪಾಲಿಟೆಕ್ನಿಕ್ ವಿದ್ಯಾರ್ಥಿಗಳು, ಎಲೆಕ್ಟ್ರಿಷಿಯನ್‌ಗಳು, ಸುತ್ತಲಿನ ಹಳ್ಳಿಗಳ ರೈತರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕರೆಂಟಿನ ಬಗ್ಗೆ ಮಾತಾಡಲು ರಾಯಚೂರಿಗಿಂತ ತಕ್ಕ ಊರು ಕರ್ನಾಟಕದಲ್ಲಿ ಇನ್ನೊಂದಿಲ್ಲ ಎಂದೇ ನನ್ನ ಭಾವನೆ. ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರ 1985ರಿಂದ ನಡೆಯುತ್ತಿದೆ. ಎಂಟು ಘಟಕ ಸೇರಿ 1,720 ಮೆಗಾವಾಟ್ ಸಾಮರ್ಥ್ಯ. ಯರಮರಸ್‌ನಲ್ಲಿ 800 ಮೆಗಾವಾಟ್‌ನ ಎರಡು ಘಟಕಗಳಿವೆ. ಅತ್ತ ಬಳ್ಳಾರಿಯ ಕುಡಿತಿನಿಯಲ್ಲಿ 1,700 ಮೆಗಾವಾಟ್. ಇಲ್ಲಿ ಕೂತವರಲ್ಲೇ ಅಲ್ಲಿ ಶಿಫ್ಟ್ ಡ್ಯೂಟಿ ಮಾಡಿದವರಿದ್ದೀರಿ, ಹಾರುಬೂದಿ ಹೊಲದ ಮೇಲೆ ಬಿದ್ದದ್ದನ್ನು ಕಂಡವರಿದ್ದೀರಿ, ಕಲ್ಲಿದ್ದಲು ರೈಲು ದಾಟಲಿ ಎಂದು ಗೇಟಿನ ಹತ್ತಿರ ಕಾದವರಿದ್ದೀರಿ. ಕರೆಂಟ್ ಬೇಕಾದರೆ ಏನನ್ನಾದರೂ ಖರ್ಚು ಮಾಡಬೇಕು ಎಂಬುದನ್ನು ಈ ಊರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೂ ನನ್ನ ಫೋನಿಗೆ ಮೇಲಿಂದ ಮೇಲೆ ಒಂದೇ ಥರದ ವಿಡಿಯೊಗಳು ಬರುತ್ತಿರುತ್ತವೆ. ಕಳಿಸುವವರು ಹೆಚ್ಚಾಗಿ ನನ್ನ ಹಳೆಯ ವಿದ್ಯಾರ್ಥಿಗಳೇ. ಒಂದು ಶೆಡ್ಡು, ಅದರಲ್ಲಿ ಒಂದು ಮೋಟರು, ಬೆಲ್ಟು, ದೊಡ್ಡದೊಂದು ಕಬ್ಬಿಣದ ಚಕ್ರ, ಆ ಕಡೆ ಒಂದು ಆಲ್ಟರ್ನೇಟರು, ಅಂದರೆ ತಿರುಗಿಸಿದರೆ ಕರೆಂಟ್ ಕೊಡುವ ಡೈನಮೊದಂಥದು. ಆಲ್ಟರ್ನೇಟರಿನಿಂದ ಬಂದ ವೈರು ಮತ್ತೆ ಅದೇ ಮೋಟರಿಗೆ ಹೋಗಿರುತ್ತದೆ. ಮೇಲೆ ಹತ್ತು ಬಲ್ಬು ಝಗಝಗ ಉರಿಯುತ್ತಿರುತ್ತವೆ. ‘ಇನ್ನು ಜೀವನಪೂರ್ತಿ ಕರೆಂಟ್ ಬಿಲ್ ಇಲ್ಲ’ ಅಂತ ಒಬ್ಬರು ಹೇಳುತ್ತಾರೆ. ಕೆಳಗೆ ವಿದ್ಯಾರ್ಥಿಯ ಪ್ರಶ್ನೆ: ‘ಸರ, ಇದು ಖರೇನಾ?’

ಆ ಪ್ರಶ್ನೆ ಕೇಳಿದ್ದಕ್ಕೇ ನನಗೆ ಖುಷಿ. ಕೇಳದೇ ಇನ್ನೊಬ್ಬರಿಗೆ ಕಳಿಸುವವರೇ ಜಾಸ್ತಿ. ಅದಕ್ಕೆ ಇವತ್ತು ಉತ್ತರವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಲ್ಬು ಉರಿಯುತ್ತಿದೆಯೋ ಇಲ್ಲವೋ ಎಂದು ನೋಡುವುದರಿಂದ ಏನೂ ಗೊತ್ತಾಗುವುದಿಲ್ಲ. ಬಲ್ಬು ಉರಿಯುವಾಗ ಯಾವುದು ಕಡಿಮೆಯಾಗುತ್ತಿದೆ ಎಂದು ಹುಡುಕಬೇಕು. ಶಕ್ತಿನಗರದಲ್ಲಿ ಕಲ್ಲಿದ್ದಲಿನ ರಾಶಿ ಕಡಿಮೆಯಾಗುತ್ತದೆ: ಒಂದು ಯೂನಿಟ್‌ಗೆ ಸುಮಾರು 700 ಗ್ರಾಂ. 210 ಮೆಗಾವಾಟ್‌ನ ಒಂದೇ ಘಟಕ ಪೂರ್ತಿ ಲೋಡಿನಲ್ಲಿ ಒಂದು ತಾಸು ಓಡಿದರೆ ಹತ್ತಿರ ಹತ್ತಿರ 150 ಟನ್ ಕಲ್ಲಿದ್ದಲು ಬೂದಿಯಾಗುತ್ತದೆ. ಮುನಿರಾಬಾದ್‌ನಲ್ಲಿ ಟರ್ಬೈನ್ ತಿರುಗಿದಷ್ಟೂ ತುಂಗಭದ್ರೆಯ ನೀರು ಮೇಲಿನಿಂದ ಕೆಳಕ್ಕೆ ಇಳಿದಿರುತ್ತದೆ. ಯಲಬುರ್ಗಾ, ಕುಷ್ಟಗಿ ಕಡೆಯ ಗಾಳಿಯಂತ್ರ ದಾಟಿದ ಮೇಲೆ ಗಾಳಿಯ ವೇಗ ತಗ್ಗಿರುತ್ತದೆ. ಸೋಲಾರ್ ಪ್ಯಾನೆಲ್ಲಿಗೆ ಬಿಸಿಲು ಬೇಕು, ಸಂಜೆಯಾದರೆ ನಿಲ್ಲುತ್ತದೆ. ವಿಡಿಯೊದ ಯಂತ್ರದಲ್ಲಿ ಏನು ಕಡಿಮೆಯಾಗುತ್ತಿದೆ? ‘ಏನೂ ಇಲ್ಲ’ ಅನ್ನುವುದೇ ಅವರ ಹೆಮ್ಮೆ. ನನಗೆ ಅನುಮಾನ ಶುರುವಾಗುವುದೂ ಅಲ್ಲಿಯೇ.

ಸಿಂಧನೂರು ಕಡೆಯ ಒಬ್ಬ ಹುಡುಗನ ಯಂತ್ರದ ಬಗ್ಗೆ ಹೇಳುತ್ತೇನೆ. ಹೆಸರು ಬೇಡ. ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡವನು, ಕೈಯಲ್ಲಿ ಒಳ್ಳೆಯ ಕಸುಬಿದೆ. ಇಂಥದೇ ಯಂತ್ರ ಮಾಡಿ ಗೂಡ್ಸ್ ಆಟೊದಲ್ಲಿ ಹೇರಿಕೊಂಡು ನನ್ನ ಹತ್ತಿರ ತಂದ. ಅರ್ಧ ಎಚ್‌ಪಿ ಮೋಟರು, ಗಿರಣಿಯಿಂದ ತಂದ ಹಳೆಯ ಚಕ್ರ, ಜೀಪಿನ ಆಲ್ಟರ್ನೇಟರು, ಒಂದು 150 ಎಎಚ್ ಬ್ಯಾಟರಿ, ಒಂದು ಇನ್ವರ್ಟರು. ಚಕ್ರವನ್ನು ಎಷ್ಟು ಚೆನ್ನಾಗಿ ಬ್ಯಾಲೆನ್ಸ್ ಮಾಡಿದ್ದನೆಂದರೆ ಜೋರಾಗಿ ತಿರುಗುವಾಗ ಅಡಿಯ ಆಂಗಲ್ ಮೇಲೆ ಇಟ್ಟ ರೂಪಾಯಿ ಬಿಲ್ಲೆ ಕದಲುತ್ತಿರಲಿಲ್ಲ. ಅವನ ಮಾತು: ‘ಬ್ಯಾಟ್ರಿ ಚಾಲೂ ಮಾಡಾಕಷ್ಟೇ ಬೇಕ್ರಿ ಸರ. ಆಮ್ಯಾಗ ತಾನ ನಡೀತದ್ರಿ. ಡೈನಮೊ ಬ್ಯಾಟ್ರಿ ಚಾರ್ಜ್ ಮಾಡಿಕೋತ ಹೋಗ್ತದ.’

ಇವನು ಮೋಸಗಾರನಲ್ಲ. ನಂಬಿದ್ದ, ನಂಬಿ ಕೈಯಿಂದ ದುಡ್ಡು ಹಾಕಿದ್ದ. ಇಂಥವರ ಮುಂದೆ ‘ಭೌತಶಾಸ್ತ್ರದ ನಿಯಮ ಒಪ್ಪುವುದಿಲ್ಲ, ತೆಗೆದುಕೊಂಡು ಹೋಗು’ ಅನ್ನುವುದು ತಪ್ಪು. ನಿಯಮ ಸರಿಯೋ ಅಲ್ಲವೋ ಎಂದು ಪರೀಕ್ಷೆ ಮಾಡಲಿಕ್ಕೇ ಅವನು ಬಂದಿದ್ದ. ಅದಕ್ಕೆ ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಇನ್ವರ್ಟರಿಗೆ 100 ವಾಟ್‌ನ ಒಂದು ಹಳೇ ಗಾಜಿನ ಬಲ್ಬು ಹಾಕಿ ಯಂತ್ರ ಓಡಿಸುವುದು. ಬಲ್ಬು ಆರಿದ ಮೇಲೆ ಅದೇ ಬ್ಯಾಟರಿಯನ್ನು ಮತ್ತೆ ಪೂರ್ತಿ ಚಾರ್ಜ್ ಮಾಡಿ, ಮೋಟರು, ಬೆಲ್ಟು, ಚಕ್ರ, ಆಲ್ಟರ್ನೇಟರು ಎಲ್ಲ ಕಳಚಿ ಬದಿಗಿಟ್ಟು, ಬರೀ ಬ್ಯಾಟರಿ ಮತ್ತು ಇನ್ವರ್ಟರಿನಿಂದ ಅದೇ ಬಲ್ಬು ಉರಿಸುವುದು.

ಯಂತ್ರ ಇದ್ದಾಗ ಬೆಳಿಗ್ಗೆ ಹತ್ತಿದ ಬಲ್ಬು ಮಧ್ಯಾಹ್ನದ ಊಟದ ಹೊತ್ತಿಗೆ ಆರಿತು. ಯಂತ್ರ ಇಲ್ಲದಾಗ ಅದೇ ಬಲ್ಬು ರಾತ್ರಿ ಊಟದ ಹೊತ್ತಿಗೂ ಉರಿಯುತ್ತಿತ್ತು.

ನಡುವೆ ನಿಂತಿದ್ದ ಯಂತ್ರ ಕರೆಂಟ್ ಹುಟ್ಟಿಸುತ್ತಿರಲಿಲ್ಲ, ತಿನ್ನುತ್ತಿತ್ತು. ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: ‘ಹಂಗಾದ್ರ ಉಳಿದದ್ದು ಎಲ್ಲಿಗಿ ಹೋತ್ರಿ?’ ಎಂಥ ಒಳ್ಳೆಯ ಪ್ರಶ್ನೆ ನೋಡ್ರಿ. ಯಂತ್ರ ಮತ್ತೆ ಜೋಡಿಸಿ ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿದೆವು. ‘ಮೋಟರಿನ ಮೈ ಮುಟ್ಟಿ ನೋಡಪ್ಪ’ ಅಂದೆ. ಬಿಸಿ. ಆಲ್ಟರ್ನೇಟರು ಇನ್ನೂ ಬಿಸಿ. ಬೆಲ್ಟು ಬಿಸಿ, ಬೇರಿಂಗು ಬಿಸಿ, ಇನ್ವರ್ಟರಿನ ಹಿಂಬದಿಯಂತೂ ಕೈ ಇಡಲಾಗದಷ್ಟು ಕಾದಿತ್ತು. ಕರೆಂಟು ಶಾಖವಾಗಿ ಗಾಳಿಗೆ ಹೋಗಿತ್ತು. ಯಂತ್ರದಲ್ಲಿ ಖರ್ಚಾದ ಶಕ್ತಿಗೂ ಹುಟ್ಟಿದ ಶಾಖಕ್ಕೂ ಲೆಕ್ಕ ಸರಿಹೋಗುತ್ತದೆ ಎಂದು 1840ರ ದಶಕದಲ್ಲಿ ಇಂಗ್ಲೆಂಡಿನ ಜೇಮ್ಸ್ ಜೂಲ್ ವರ್ಷಗಟ್ಟಲೆ ಅಳೆದು ತೋರಿಸಿದ. ಅವನು ವಿಶ್ವವಿದ್ಯಾಲಯದ ಪ್ರೊಫೆಸರ್ ಅಲ್ಲ, ಬೀರು ತಯಾರಿಸುವ ಮನೆತನದವನು. ನೀರಿನಲ್ಲಿ ರೆಕ್ಕೆ ತಿರುಗಿಸಿ ನೀರು ಎಷ್ಟು ಬಿಸಿಯಾಯಿತು ಎಂದು ನೋಡಿದ. ಅಂದರೆ ಇದು ಪುಸ್ತಕದಿಂದ ಹುಟ್ಟಿದ ನಿಯಮ ಅಲ್ಲ; ಯಂತ್ರ ಕಟ್ಟಿ, ತಿರುಗಿಸಿ, ಅಳೆದು ಕಂಡುಕೊಂಡದ್ದು.

ಲೆಕ್ಕ ಬೇಕು ಅನ್ನುವ ವಿದ್ಯಾರ್ಥಿಗಳಿಗೆ: ಸಣ್ಣ ಮೋಟರು 100ಕ್ಕೆ 70 ಕೊಡುತ್ತದೆ ಅನ್ನಿ, ಬೆಲ್ಟು 95, ವಾಹನದ ಆಲ್ಟರ್ನೇಟರು 60. ಮೂರನ್ನೂ ಗುಣಿಸಿದರೆ 40 ಬರುತ್ತದೆ. ಬ್ಯಾಟರಿಯಿಂದ ನೂರು ತೆಗೆದು ನಲವತ್ತು ವಾಪಸ್ ಹಾಕಿದ ಹಾಗಾಯಿತು. ಇನ್ವರ್ಟರಿನ ನಷ್ಟ ಇನ್ನೂ ಬೇರೆ. ಮೋಟರು, ಆಲ್ಟರ್ನೇಟರು ಎರಡನ್ನೂ ಜಗತ್ತಿನ ಅತ್ಯುತ್ತಮ ಕಂಪನಿಯಿಂದ ತಂದರೂ ಗುಣಾಕಾರ 100 ಮುಟ್ಟುವುದಿಲ್ಲ. ಮುಟ್ಟಿದರೂ ಬಲ್ಬಿಗೆ ಕೊಡಲು ಏನೂ ಮಿಕ್ಕುವುದಿಲ್ಲ.

‘ಆಲ್ಟರ್ನೇಟರು ಸುಮ್ಮನೆ ತಿರುಗಿದರೆ ಸಾಕು, ಕರೆಂಟ್ ಬರುತ್ತದೆ’ ಎಂಬ ನಂಬಿಕೆಯಿಂದಲೇ ಈ ಯಂತ್ರಗಳೆಲ್ಲ ಹುಟ್ಟುವುದು. ನಮ್ಮ ವಯಸ್ಸಿನವರು ಡೈನಮೊ ಇದ್ದ ಸೈಕಲ್ ತುಳಿದಿದ್ದೇವೆ. ದೀಪದ ವೈರು ಕಿತ್ತುಹೋಗಿದ್ದರೆ ಡೈನಮೊ ಟಾಯರಿಗೆ ತಾಗಿದ್ದರೂ ಸೈಕಲ್ ಅಷ್ಟು ಭಾರ ಅನ್ನಿಸುತ್ತಿರಲಿಲ್ಲ. ವೈರು ಸಿಕ್ಕಿಸಿ ದೀಪ ಹತ್ತಿದ ತಕ್ಷಣ ತೊಡೆಗೆ ಭಾರ ಗೊತ್ತಾಗುತ್ತಿತ್ತು. 1831ರಲ್ಲಿ ಫ್ಯಾರಡೆ ಆಯಸ್ಕಾಂತದಿಂದ ಕರೆಂಟ್ ಬರಿಸಿದ, 1834ರಲ್ಲಿ ಲೆಂಜ್ ಈ ಎದುರು ಬಲದ ನಿಯಮ ಹೇಳಿದ. ಎಷ್ಟು ಕರೆಂಟ್ ಎಳೆಯುತ್ತೀರೋ ಅಷ್ಟು ಬಿಗಿಯಾಗಿ ಡೈನಮೊ ತಡೆಯುತ್ತದೆ. ಪಾಲಿಟೆಕ್ನಿಕ್ ಹುಡುಗರು ಲ್ಯಾಬಿನಲ್ಲಿ ಕೈಯಿಂದ ತಿರುಗಿಸುವ ಡೈನಮೊ ಇದ್ದರೆ ಇವತ್ತೇ ಮಾಡಿ ನೋಡಿರಿ. ಹತ್ತು ವಿಡಿಯೊಗಿಂತ ಆ ಒಂದು ತಿರುವು ಹೆಚ್ಚು ಕಲಿಸುತ್ತದೆ.

ಇನ್ನು ಆ ದೊಡ್ಡ ಚಕ್ರ. ಅದು ಶಕ್ತಿ ಹುಟ್ಟಿಸುವುದಿಲ್ಲ, ಕೂಡಿಡುತ್ತದೆ. 50 ಕಿಲೊ ತೂಕದ, ಎರಡು ಅಡಿ ಅಗಲದ ಚಕ್ರ ನಿಮಿಷಕ್ಕೆ 1,500 ಸುತ್ತು ತಿರುಗುತ್ತಿದ್ದರೆ ಅದರಲ್ಲಿ ಸುಮಾರು 28,000 ಜೂಲ್ ಶಕ್ತಿ ಇರುತ್ತದೆ (ಜೂಲ್ ಅಂದರೆ ಶಕ್ತಿಯ ಅಳತೆ). ಮೀಟರಿನ ಭಾಷೆಯಲ್ಲಿ ಒಂದು ಯೂನಿಟ್‌ನ ನೂರನೇ ಒಂದು ಪಾಲೂ ಇಲ್ಲ. ಆದರೆ 100 ವಾಟ್‌ನ ಬಲ್ಬನ್ನು ಕಾಗದದ ಲೆಕ್ಕದಲ್ಲಿ ನಾಲ್ಕೂವರೆ ನಿಮಿಷ ಉರಿಸಲು ಅದು ಸಾಕು. ಮೇನ್ ಸ್ವಿಚ್ ಕಿತ್ತು ಕೈಯಲ್ಲಿ ಹಿಡಿದು ‘ನೋಡ್ರಿ, ಇನ್ನೂ ಉರೀತದ’ ಅನ್ನುವ ವಿಡಿಯೊ ಎಷ್ಟು ಹೊತ್ತಿನದು ಎಂದು ಒಮ್ಮೆ ಗಮನಿಸಿರಿ.

ಎರಡನೆಯ ಜನಪ್ರಿಯ ಯಂತ್ರ ಮನೆ ಮೇಲಿನ ಟ್ಯಾಂಕಿನದು. ಟ್ಯಾಂಕಿನ ನೀರು ಪೈಪಿನಲ್ಲಿ ಇಳಿದು ಸಣ್ಣ ಟರ್ಬೈನ್ ತಿರುಗಿಸಬೇಕು, ಬಂದ ಕರೆಂಟಿನಿಂದ ಪಂಪು ಓಡಿ ನೀರನ್ನು ಮತ್ತೆ ಮೇಲಕ್ಕೆ ಏರಿಸಬೇಕು, ಮಿಕ್ಕ ಕರೆಂಟು ಮನೆಗೆ. ಮೂರಂತಸ್ತಿನ ಮನೆ, 10 ಮೀಟರ್ ಎತ್ತರ, ಸಾವಿರ ಲೀಟರ್ ಟ್ಯಾಂಕು ಎಂದು ಇಟ್ಟುಕೊಳ್ಳೋಣ. ಟ್ಯಾಂಕು ಪೂರ್ತಿ ಖಾಲಿಯಾಗುವವರೆಗೆ ಬಿಟ್ಟರೆ ಸಿಗುವುದು 98,000 ಜೂಲ್. ಒಂದು ಯೂನಿಟ್ ಅಂದರೆ 36 ಲಕ್ಷ ಜೂಲ್. ಭಾಗಿಸಿದರೆ 0.027 ಯೂನಿಟ್. ಸಾವಿರ ಲೀಟರ್ ನೀರು, ಅಂದರೆ ಒಂದು ಟನ್ ತೂಕ, ಮೂರಂತಸ್ತು ಇಳಿದರೆ 9 ವಾಟ್‌ನ ಒಂದೇ ಒಂದು ಎಲ್‌ಇಡಿ ಬಲ್ಬು ಮೂರು ತಾಸು ಉರಿಯುತ್ತದೆ. ಅದೂ ಎಲ್ಲೂ ಒಂದು ಹನಿ ಶಕ್ತಿ ಪೋಲಾಗದಿದ್ದರೆ. ಮನೆಯ ಮೋನೊಬ್ಲಾಕ್ ಪಂಪು ಅದೇ ನೀರನ್ನು ಮೇಲೆ ಏರಿಸಲು ಇದರ ಮೂರು ನಾಲ್ಕು ಪಟ್ಟು ಕರೆಂಟ್ ಕುಡಿಯುತ್ತದೆ.

‘ಹಂಗಾದ್ರ ಟಿಬಿ ಡ್ಯಾಮಿನಾಗ ಹೆಂಗ ಕರೆಂಟ್ ಬರ್ತದ?’ ಎಂದು ಯಾರಾದರೂ ಕೇಳಬೇಕು, ಕೇಳುತ್ತೀರಿ. ಅಲ್ಲಿ ಇಳಿಯುವುದು ಸಾವಿರ ಲೀಟರ್ ಅಲ್ಲ. ತುಂಗಭದ್ರಾ ಜಲಾಶಯದಲ್ಲಿ ನೂರು ಟಿಎಂಸಿಗೂ ಹೆಚ್ಚು ನೀರು ನಿಲ್ಲಬಲ್ಲದು. ಮತ್ತು ಆ ನೀರನ್ನು ಮೇಲಕ್ಕೆ ಏರಿಸಿದ್ದು ಯಾವ ಪಂಪೂ ಅಲ್ಲ. ಸೂರ್ಯ ಕಡಲಿನ ನೀರನ್ನು ಎತ್ತಿ ಪಶ್ಚಿಮ ಘಟ್ಟದ ಮೇಲೆ ಸುರಿಸಿದ್ದಾನೆ. ಲೆಕ್ಕ ಅಲ್ಲಿಯೂ ಸರಿಯಾಗಿದೆ, ಖರ್ಚು ಹಾಕಿದವನು ಸೂರ್ಯ.

ಬರೀ ಆಯಸ್ಕಾಂತದಿಂದಲೇ ತಿರುಗುತ್ತದೆ ಅನ್ನುವ ಮೋಟರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಯಸ್ಕಾಂತ ಹತ್ತಿರ ಬರುವಾಗ ಎಳೆದು ಕೊಟ್ಟಷ್ಟನ್ನು ದೂರ ಹೋಗುವಾಗ ಹಿಡಿದು ವಾಪಸ್ ತೆಗೆದುಕೊಳ್ಳುತ್ತದೆ. ಒಂದು ಪೂರ್ತಿ ಸುತ್ತಿಗೆ ಲಾಭ ಸೊನ್ನೆ. ಕಂಪ್ಯೂಟರಿನ ಸಣ್ಣ ಫ್ಯಾನಿಗೆ ಆಯಸ್ಕಾಂತ ಹಿಡಿದು ತಿರುಗಿಸುವ ವಿಡಿಯೊಗಳಲ್ಲಿ ಬ್ಯಾಟರಿ ಮೇಜಿನ ಕೆಳಗೋ ಫ್ಯಾನಿನ ಒಳಗೋ ಇರುತ್ತದೆ.

ಈ ಕನಸು ಹೊಸದಲ್ಲ. ನಮ್ಮ ಭಾಸ್ಕರಾಚಾರ್ಯರು 1150ರ ಸುಮಾರಿಗೆ ತಾನೇ ತಿರುಗುವ ಚಕ್ರವನ್ನು ವರ್ಣಿಸಿದ್ದಾರೆ: ಟೊಳ್ಳು ಅರಗಳು, ಪ್ರತಿ ಅರದಲ್ಲಿ ಅರ್ಧ ಪಾದರಸ. ಪಾದರಸ ಒಂದು ಕಡೆ ಅಂಚಿಗೆ ಹರಿದು ಭಾರವಾಗಿ ಚಕ್ರವನ್ನು ಸದಾ ತಿರುಗಿಸುತ್ತದೆ ಎಂಬ ಆಲೋಚನೆ. ಮೇಲೇರುವ ಪಾದರಸ ಬೇಡುವಷ್ಟನ್ನೇ ಇಳಿಯುವ ಪಾದರಸ ಕೊಡುತ್ತದೆಯಾದ್ದರಿಂದ ಚಕ್ರ ಸ್ವಲ್ಪ ಹೊತ್ತು ತೂಗಾಡಿ ನಿಲ್ಲುತ್ತದೆ. ‘ನಮ್ಮ ಪೂರ್ವಿಕರು ಕಂಡುಹಿಡಿದಿದ್ದರು, ಇಂಗ್ಲಿಷರು ಮುಚ್ಚಿಟ್ಟರು’ ಎಂಬ ಸಂದೇಶ ನಿಮಗೂ ಬಂದಿರಬಹುದು. ಭಾಸ್ಕರರು ಪ್ರಪಂಚದ ದೊಡ್ಡ ಗಣಿತಜ್ಞರಲ್ಲಿ ಒಬ್ಬರು. ಅವರ ದೊಡ್ಡತನಕ್ಕೆ ಈ ಚಕ್ರ ತಿರುಗಬೇಕಾಗಿಲ್ಲ. ಯುರೋಪಿನಲ್ಲೂ ನೂರಾರು ವರ್ಷ ಇಂಥ ಚಕ್ರ ಕಟ್ಟಿದರು. ಕೊನೆಗೆ 1775ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ತಾನೇ ತಿರುಗುವ ಯಂತ್ರಗಳ ಅರ್ಜಿಯನ್ನು ಇನ್ನು ಮುಂದೆ ಪರಿಶೀಲಿಸುವುದಿಲ್ಲ ಎಂದು ತೀರ್ಮಾನಿಸಿತು. ಇಂಥ ಯಂತ್ರದ ಬೆನ್ನು ಹತ್ತಿ ಎಷ್ಟೋ ಸಂಸಾರಗಳು ಹಾಳಾಗುತ್ತಿವೆ ಎಂಬುದೂ ಅವರು ಕೊಟ್ಟ ಕಾರಣಗಳಲ್ಲಿ ಒಂದು. ಆ ಮಾತು ನನಗೆ ಬಹಳ ಮುಖ್ಯ ಅನ್ನಿಸುತ್ತದೆ.

ಇಲ್ಲಿರುವ ಮೆಕ್ಯಾನಿಕ್‌ಗಳಿಗಾಗಿ ಒಂದು ಪ್ರಸಂಗ ಹೇಳಲೇಬೇಕು. 1812ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಚಾರ್ಲ್ಸ್ ರೆಡ್‌ಹೆಫರ್ ಎಂಬವನು ತಾನೇ ತಿರುಗುವ ಯಂತ್ರ ಇಟ್ಟು, ಟಿಕೆಟ್ ಹಚ್ಚಿ ತೋರಿಸಿದ. ಆ ಯಂತ್ರ ಇನ್ನೊಂದು ಯಂತ್ರವನ್ನು ಹಲ್ಲುಚಕ್ರದ ಮೂಲಕ ಓಡಿಸುತ್ತದೆ ಎಂದು ಅವನ ಮಾತು. ಪರೀಕ್ಷೆಗೆ ಬಂದವರಲ್ಲಿ ಒಬ್ಬ ಹುಡುಗ ಹಲ್ಲುಚಕ್ರದ ಹಲ್ಲುಗಳನ್ನು ಹತ್ತಿರದಿಂದ ನೋಡಿದ. ಹಲ್ಲು ಸವೆದದ್ದು ತಪ್ಪು ಮಗ್ಗುಲಲ್ಲಿ! ಅಂದರೆ ಓಡಿಸಿಕೊಳ್ಳುತ್ತಿದೆ ಎಂದ ಯಂತ್ರವೇ ನಿಜವಾಗಿ ಓಡಿಸುತ್ತಿತ್ತು. ರೆಡ್‌ಹೆಫರ್ ಅಲ್ಲಿಂದ ನ್ಯೂಯಾರ್ಕಿಗೆ ಹೋದ. 1813ರಲ್ಲಿ ಅಲ್ಲಿ ನೋಡಲು ಬಂದವನು ಹಬೆ ಹಡಗು ಓಡಿಸಿದ ರಾಬರ್ಟ್ ಫುಲ್ಟನ್. ಅವನು ಕಣ್ಣಿಗಿಂತ ಕಿವಿಯನ್ನು ನಂಬಿದ. ಚಕ್ರದ ಸದ್ದು ಒಂದೇ ಸಮ ಇರಲಿಲ್ಲ. ಒಂದು ಸುತ್ತಿನಲ್ಲೇ ಜೋರಾಗಿ, ನಿಧಾನವಾಗಿ ಬರುತ್ತಿತ್ತು. ಕೈಯಿಂದ ಹ್ಯಾಂಡಲ್ ತಿರುಗಿಸಿದರೆ ಮಾತ್ರ ಹಾಗಾಗುತ್ತದೆ. ಹಲಗೆ ಕಿತ್ತು ನೋಡಿದರೆ ಗೋಡೆಯೊಳಗೆ ಕರುಳಿನ ದಾರದ ಬೆಲ್ಟು. ಅದರ ಬೆನ್ನು ಹಿಡಿದು ಅಟ್ಟ ಹತ್ತಿದರೆ ಅಲ್ಲಿ ಗಡ್ಡದ ಮುದುಕನೊಬ್ಬ ಕೂತು ಹ್ಯಾಂಡಲ್ ತಿರುಗಿಸುತ್ತಿದ್ದ. ಹಲ್ಲು ಯಾವ ಮಗ್ಗುಲಲ್ಲಿ ಸವೆದಿದೆ, ಸದ್ದು ಹೇಗಿದೆ ಎಂದು ಗಮನಿಸಲು ಡಿಗ್ರಿ ಬೇಕಿಲ್ಲ. ನಿಮ್ಮ ಕಣ್ಣು, ಕಿವಿಗೆ ಆ ತರಬೇತಿ ಆಗಲೇ ಆಗಿದೆ.

ಎಲ್ಲರೂ ಅಟ್ಟದಲ್ಲಿ ಮುದುಕನನ್ನು ಕೂರಿಸಿರುವುದಿಲ್ಲ. ಅಮೆರಿಕದ ಜೋಸೆಫ್ ನ್ಯೂಮನ್ ತನ್ನ ಯಂತ್ರ ಪಡೆದದ್ದಕ್ಕಿಂತ ಹೆಚ್ಚು ಕೊಡುತ್ತದೆ ಎಂದು 1979ರಲ್ಲಿ ಪೇಟೆಂಟ್ ಅರ್ಜಿ ಹಾಕಿ, ಸಿಗದಿದ್ದಾಗ ಕೋರ್ಟಿಗೆ ಹೋದ. ಕೋರ್ಟಿನ ಆದೇಶದಂತೆ 1986ರಲ್ಲಿ ಅಲ್ಲಿನ ರಾಷ್ಟ್ರೀಯ ಮಾನಕ ಸಂಸ್ಥೆ ಯಂತ್ರವನ್ನು ತನ್ನ ಲ್ಯಾಬಿಗೆ ತರಿಸಿ, ತನ್ನ ಮೀಟರುಗಳಿಂದ ಅಳೆಯಿತು. ಕೊಟ್ಟ 100ಕ್ಕೆ ವಾಪಸ್ ಬಂದದ್ದು 26ರಿಂದ 67. ಐರ್ಲೆಂಡಿನ ಸ್ಟಿಯೋರ್ನ್ ಕಂಪನಿ ತಾನು ಪುಕ್ಕಟೆ ಶಕ್ತಿ ಹುಟ್ಟಿಸಿದ್ದೇನೆ ಎಂದು 2006ರಲ್ಲಿ ದೊಡ್ಡ ಜಾಹೀರಾತು ಕೊಟ್ಟು ವಿಜ್ಞಾನಿಗಳನ್ನೇ ಪರೀಕ್ಷೆಗೆ ಕರೆಯಿತು. 22 ಜನರ ತಂಡ 2009ರಲ್ಲಿ ಒಮ್ಮತದಿಂದ ಹೇಳಿತು: ಶಕ್ತಿ ಹುಟ್ಟಿದ್ದಕ್ಕೆ ಪುರಾವೆ ತೋರಿಸಿಲ್ಲ. ನಮ್ಮ ಪಕ್ಕದ ತಮಿಳುನಾಡಿನ ಗಿಡಮೂಲಿಕೆ ಪೆಟ್ರೋಲ್ 1996ರಲ್ಲಿ ದೇಶಕ್ಕೆಲ್ಲ ಸುದ್ದಿಯಾದದ್ದು ಹಿರಿಯರಿಗೆ ನೆನಪಿರುತ್ತದೆ. ಅದು ಕೂಡ ಪರೀಕ್ಷೆಯಲ್ಲಿ ನಿಲ್ಲಲಿಲ್ಲ, ಕೊನೆಗೆ ಕೋರ್ಟು ಶಿಕ್ಷೆ ಕೊಟ್ಟಿತು.

‘ಪೇಟೆಂಟ್ ಆಗಿದೆ’ ಎಂಬ ಕಾಗದ ತೋರಿಸಿದರೆ ಕಾಗದವನ್ನು ಪೂರ್ತಿ ಓದಿರಿ. ಅರ್ಜಿ ಹಾಕಿದರೆ ಸಾಕು, ನಂಬರ್ ಸಿಗುತ್ತದೆ. ಹದಿನೆಂಟು ತಿಂಗಳ ನಂತರ ಅರ್ಜಿ ಸರ್ಕಾರದ ಪತ್ರಿಕೆಯಲ್ಲಿ ಅಚ್ಚೂ ಆಗುತ್ತದೆ. ಮಂಜೂರಾಗುವುದು ಬೇರೆ ಮಾತು. ನಮ್ಮ 1970ರ ಪೇಟೆಂಟ್ ಕಾಯ್ದೆಯ 3ನೇ ಕಲಂನ ಮೊದಲ ಸಾಲಿನಲ್ಲೇ, ಸ್ಥಾಪಿತವಾದ ನಿಸರ್ಗ ನಿಯಮಗಳಿಗೆ ವಿರುದ್ಧವಾದದ್ದಕ್ಕೆ ಪೇಟೆಂಟ್ ಇಲ್ಲ ಎಂದಿದೆ. ಇನ್ನೊಂದು ಮಾತು ಬರುತ್ತದೆ: ‘ದೊಡ್ಡ ಕಂಪನಿಗಳು ಹೊರಗೆ ಬರಲು ಬಿಡುತ್ತಿಲ್ಲ.’ ಕಲ್ಲಿದ್ದಲಿಗೆ ಇಷ್ಟು ಹಣ ಸುರಿಯುವ ಸ್ಥಾವರಗಳೇ ಅಂಥ ಯಂತ್ರ ಇದ್ದರೆ ಮೊದಲು ಕೊಳ್ಳುತ್ತಿದ್ದವು. ಶಕ್ತಿನಗರದ ಎಂಜಿನಿಯರುಗಳು ದಕ್ಷತೆ ಒಂದೇ ಒಂದು ಶೇಕಡಾ ಹೆಚ್ಚಿಸಲು ಎಷ್ಟು ಒದ್ದಾಡುತ್ತಾರೆ ಎಂದು ಅಲ್ಲಿ ಕೆಲಸ ಮಾಡಿದವರನ್ನು ಕೇಳಿರಿ. ಸುಟ್ಟ ಕಲ್ಲಿದ್ದಲಿನ ಶಕ್ತಿಯಲ್ಲಿ ಕರೆಂಟಾಗುವುದು ಮೂರನೇ ಒಂದು ಪಾಲು. ಉಳಿದದ್ದು ಚಿಮಣಿಗೂ ತಂಪು ಮಾಡುವ ನೀರಿಗೂ ಹೋಗುತ್ತದೆ.

ಈಗ ಬಸ್ ಸ್ಟ್ಯಾಂಡಿನಲ್ಲೂ ಜಾತ್ರೆಯಲ್ಲೂ ಫೋನಿನಲ್ಲೂ ಮಾರುವ ‘ಪವರ್ ಸೇವರ್’ ಡಬ್ಬಿ. ಸಾಕೆಟ್ಟಿಗೆ ಸಿಕ್ಕಿಸಿದರೆ ಬಿಲ್ಲು ಅರ್ಧ ಆಗುತ್ತದಂತೆ. ನಾನು ಬಿಚ್ಚಿ ನೋಡಿದ್ದೇನೆ: ಒಂದು ಸಣ್ಣ ಕೆಪಾಸಿಟರು, ಒಂದು ಹಸಿರು ದೀಪ, ಅದಕ್ಕೊಂದು ರೆಸಿಸ್ಟರು. ಕೆಪಾಸಿಟರು ಪವರ್ ಫ್ಯಾಕ್ಟರ್, ಅಂದರೆ ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು, ಸರಿಮಾಡುವುದು ನಿಜ. ದೊಡ್ಡ ಕಾರ್ಖಾನೆಗಳಿಗೆ, ಅಕ್ಕಿ ಮಿಲ್ಲುಗಳಿಗೆ ಅದರಿಂದ ಉಪಯೋಗ ಇದೆ. ಆದರೆ ಮನೆಯ ಮೀಟರು ಬಿಲ್ಲಿಗೆ ಎಣಿಸುವುದು ನಿಜವಾಗಿ ಖರ್ಚಾದ ಯೂನಿಟ್ ಮಾತ್ರ. ಆ ಲೆಕ್ಕದಲ್ಲಿ ಡಬ್ಬಿಯಿಂದ ಒಂದು ಪೈಸೆ ಉಳಿಯುವುದಿಲ್ಲ. ಹಸಿರು ದೀಪ ಉರಿದಷ್ಟು ಕರೆಂಟು ಹೆಚ್ಚೇ ಆಗುತ್ತದೆ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು ಬರುವ ಮನೆಗಳಿಗೂ ಈ ಡಬ್ಬಿ ಮಾರಿದ್ದಾರೆ ಎಂದು ಕೇಳಿ ಬಹಳ ಬೇಸರವಾಯಿತು. ಸೊನ್ನೆಯಲ್ಲಿ ಅರ್ಧ ಎಷ್ಟು ಎಂದು ಆ ತಾಯಂದಿರಿಗೆ ಯಾರೂ ಹೇಳಲಿಲ್ಲ. ಗೃಹಜ್ಯೋತಿ 2023ರಿಂದ 200 ಯೂನಿಟ್‌ವರೆಗೆ ನಮಗೆ ಪುಕ್ಕಟೆ, ಕಲ್ಲಿದ್ದಲಿಗೆ ಪುಕ್ಕಟೆ ಅಲ್ಲ. ನಮ್ಮ ಪರವಾಗಿ ಸರ್ಕಾರ ಕರೆಂಟ್ ಹಂಚುವ ಜೆಸ್ಕಾಂಗೆ ದುಡ್ಡು ಕಟ್ಟುತ್ತದೆ, ಆ ದುಡ್ಡು ನಮ್ಮೆಲ್ಲರ ತೆರಿಗೆಯದು.

ದುಡ್ಡು ಹೋದರೆ ಗಳಿಸಬಹುದು. ನನಗೆ ಹೆಚ್ಚು ಭಯ ಇರುವುದು ಜೀವದ ಬಗ್ಗೆ. ಈ ಯಂತ್ರಗಳ ವಿಡಿಯೊಗಳಲ್ಲಿ ಎರಡೂ ತುದಿಗೆ ಪಿನ್ನು ಇರುವ ವೈರಿನಿಂದ ಕರೆಂಟನ್ನು ಮನೆಯ ಸಾಕೆಟ್ಟಿಗೆ ಕೊಡುವುದನ್ನು ತೋರಿಸುತ್ತಾರೆ. ಮೊದಲನೆಯದಾಗಿ, ಹೊರಗೆ ಉಳಿದ ಪಿನ್ನಿನಲ್ಲಿ 230 ವೋಲ್ಟ್ ಬರಿಮೈಯಲ್ಲಿ ನಿಂತಿರುತ್ತದೆ, ಮಗು ಮುಟ್ಟಿದರೆ ಮುಗಿಯಿತು. ಎರಡನೆಯದು ಇನ್ನೂ ಭಯಂಕರ. ಮೇನ್ ಸ್ವಿಚ್ ಬಂದ್ ಮಾಡದಿದ್ದರೆ ಆ ಕರೆಂಟು ಮೀಟರು ದಾಟಿ ಕಂಬಕ್ಕೆ, ಕಂಬದಿಂದ ಟಿಸಿಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ, ಹೋಗುತ್ತದೆ. ಟಿಸಿ ಅದನ್ನು ತಿರುಗಿಸಿ 11,000 ವೋಲ್ಟ್ ಮಾಡುತ್ತದೆ. ಲೈನ್ ಬಂದ್ ಇದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ಅದು ಗೊತ್ತಾಗುವ ದಾರಿಯೇ ಇಲ್ಲ. ಛಾವಣಿಯ ಸೋಲಾರ್‌ಗೆ ಮಂಜೂರಾದ ಇನ್ವರ್ಟರುಗಳು ಲೈನ್ ಹೋದ ಕೂಡಲೇ ತಾವೂ ನಿಲ್ಲುವುದು ಇದೇ ಕಾರಣಕ್ಕೆ. ಮನೆಯಲ್ಲಿ ಜನರೇಟರು ಇದ್ದವರು ಲೈನ್ ಕಡಿದು ಜನರೇಟರಿಗೆ ಬದಲಿಸುವ ಚೇಂಜ್ ಓವರ್ ಸ್ವಿಚ್ ಇಲ್ಲದೇ ಒಂದು ದಿನವೂ ಹಚ್ಚಬೇಡಿರಿ, ಕೈಮುಗಿದು ಕೇಳುತ್ತೇನೆ.

ಹಾಗಾದರೆ ಹೊಸದನ್ನೇ ನಂಬಬಾರದೇ? ನಂಬಬೇಕು, ಅಳೆದು ನಂಬಬೇಕು. 1954ರಲ್ಲಿ ಅಮೆರಿಕದ ಬೆಲ್ ಲ್ಯಾಬಿನವರು ಸಿಲಿಕಾನ್ ಸೋಲಾರ್ ಕೋಶ ತೋರಿಸಿದಾಗ ಅದೂ ವಿಚಿತ್ರವೇ ಆಗಿತ್ತು. ಬಿಸಿಲಿನ ಶಕ್ತಿಯಲ್ಲಿ ಕೇವಲ 6 ಶೇಕಡಾ ಕರೆಂಟಾಗುತ್ತದೆ ಎಂದು ಅವರು ಅಳೆದು ಹೇಳಿದರು, ಬೇರೆಯವರು ಅಳೆದರೂ ಅಷ್ಟೇ ಬಂತು. ಇವತ್ತು ಅದು 20 ದಾಟಿದೆ. ನಮ್ಮ ಬಿಸಿಲಿಗೆ ಒಂದು ಕಿಲೊವಾಟ್ ಪ್ಯಾನೆಲ್ಲು ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಎರಡು ಕಿಲೊವಾಟ್‌ವರೆಗೆ ಕಿಲೊವಾಟ್‌ಗೆ 30,000 ರೂಪಾಯಿ, ಮೂರು ಮತ್ತು ಅದಕ್ಕೂ ಹೆಚ್ಚಿಗೆ ಒಟ್ಟು 78,000 ರೂಪಾಯಿ ಸಹಾಯಧನ ಇದೆ. ಬೇಸಿಗೆಯಲ್ಲಿ ನಮ್ಮಲ್ಲಿ ಫ್ಯಾನು ಇಪ್ಪತ್ತು ತಾಸು ತಿರುಗುತ್ತದೆ. ಹಳೆಯ 75 ವಾಟ್ ಫ್ಯಾನು ಅಷ್ಟು ಹೊತ್ತಿಗೆ ಒಂದೂವರೆ ಯೂನಿಟ್ ತಿನ್ನುತ್ತದೆ, 30 ವಾಟ್‌ನ ಬಿಎಲ್‌ಡಿಸಿ ಫ್ಯಾನು 0.6 ಯೂನಿಟ್. ಒಂದು ಫ್ಯಾನಿಗೆ ತಿಂಗಳಿಗೆ 27 ಯೂನಿಟ್ ಉಳಿತಾಯ. ಆರ್‌ಸಿಸಿ ಮಾಳಿಗೆಗೆ ಬಿಳಿ ಸುಣ್ಣ ಬಳಿದರೆ ಒಳಗಿನ ಕಾವು ಇಳಿಯುತ್ತದೆ. ಇದರಲ್ಲಿ ಪವಾಡ ಇಲ್ಲದ್ದರಿಂದ ಯಾರೂ ವಿಡಿಯೊ ಕಳಿಸುವುದಿಲ್ಲ.

ಸಂತೆಯಲ್ಲಿ ಎತ್ತು ಕೊಳ್ಳುವಾಗ ನೀವು ಮಾರುವವನ ಮಾತು ಕೇಳಿ ದುಡ್ಡು ಕೊಡುವುದಿಲ್ಲ. ಹಲ್ಲು ನೋಡುತ್ತೀರಿ, ನಡೆಸಿ ನೋಡುತ್ತೀರಿ, ನೊಗಕ್ಕೆ ಹೂಡಿ ನೋಡುತ್ತೀರಿ. ಯಂತ್ರಕ್ಕೂ ಹಾಗೇ ಮಾಡಿರಿ. ಅವರ ಶೆಡ್ಡಿನಲ್ಲಿ ಬೇಡ, ನಿಮ್ಮ ಹೊಲದಲ್ಲಿ, ಕಂಬದಿಂದ ದೂರ ಇಡಿಸಿರಿ. ಬ್ಯಾಟರಿ ಇದ್ದರೆ ಕಿತ್ತು ಹೊರಗಿಡಿಸಿರಿ. ಲೋಡು ನಿಮ್ಮದಿರಲಿ, ಮೀಟರು ನಿಮ್ಮದಿರಲಿ. ಐದು ಎಚ್‌ಪಿ ಪಂಪ್‌ಸೆಟ್ ಓಡಿಸುತ್ತದೆ ಅಂದರೆ ತಾಸಿಗೆ 3.7 ಯೂನಿಟ್, ಏಳು ತಾಸಿಗೆ 26 ಯೂನಿಟ್. ಒಂದು ವಾರ ರಾತ್ರಿ ಹಗಲು ಓಡಲಿ, ನಡುವೆ ಯಾರೂ ಮುಟ್ಟಬಾರದು. ಅಡ್ವಾನ್ಸ್ ಆಮೇಲೆ. ಒಪ್ಪದಿದ್ದರೆ ಯಂತ್ರ ಬೇಡ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು, ಎರಡನ್ನು ಇಲ್ಲಿ ಸೇರಿಸುತ್ತೇನೆ. ಒಬ್ಬ ವಿದ್ಯಾರ್ಥಿನಿ ಕೇಳಿದಳು: ‘ಸರ್, ಯಾರಾದರೂ ನಿಜವಾಗಿಯೂ ಅಂಥ ಯಂತ್ರ ಮಾಡಿದರೆ?’ ಮಾಡಿದರೆ ನಾನೇ ಮೊದಲು ಹೋಗಿ ಅವರ ಕಾಲು ಮುಟ್ಟುತ್ತೇನಮ್ಮ. ಆದರೆ ಇಷ್ಟು ಶತಮಾನ, ಇಷ್ಟು ದೇಶ, ಇಷ್ಟು ಸಾವಿರ ಯಂತ್ರಗಳಲ್ಲಿ ಒಂದೂ ಲೆಕ್ಕ ತಪ್ಪಿಸಿಲ್ಲ. ಆದ್ದರಿಂದ ಪುರಾವೆ ಕೊಡುವ ಭಾರ ಯಂತ್ರ ತಂದವರದು. ಅಳೆಯುವ ಕೆಲಸ ನಮ್ಮದು, ಅದನ್ನು ನಾವು ಮರ್ಯಾದೆಯಿಂದ ಮಾಡಬೇಕು.

ಕೊನೆಯದು ಮಾನ್ವಿ ಕಡೆಯಿಂದ ಬಂದಿದ್ದ ಹಿರಿಯ ರೈತರೊಬ್ಬರದು. ‘ನಮ್ಮ ಅಳಿಯ ಇಂಥಾದ್ದಕ್ಕ ಆಗಲೇ ರೊಕ್ಕ ಕೊಟ್ಟಾನ್ರಿ, ಮಷೀನ್ ಬಂದಿಲ್ಲ. ಏನು ಮಾಡಬೇಕು?’ ಯಜಮಾನ್ರೆ, ಮೊದಲು ಅಳಿಯನನ್ನು ಬೈಯಬೇಡಿರಿ. ಬೈದರೆ ಕಾಗದ ಮುಚ್ಚಿಡುತ್ತಾನೆ. ರಸೀದಿ, ಫೋನಿನ ಸಂದೇಶ, ದುಡ್ಡು ಕಳಿಸಿದ ದಾಖಲೆ ಎಲ್ಲ ಒಂದು ಕಡೆ ಮಾಡಿಕೊಳ್ಳಿರಿ. ಫೋನಿನಲ್ಲಿ ದುಡ್ಡು ಕಳಿಸಿ ಮೋಸವಾಗಿದ್ದರೆ ಇವತ್ತೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ತಡವಾದಷ್ಟೂ ರೊಕ್ಕ ಹಿಡಿಯುವುದು ಕಷ್ಟ. ಅಂಗಡಿಯಲ್ಲಿ ರಸೀದಿ ಪಡೆದು ಕೊಟ್ಟಿದ್ದರೆ 1915 ಗ್ರಾಹಕರ ಸಹಾಯವಾಣಿ ಇದೆ, ಜಿಲ್ಲಾ ಗ್ರಾಹಕರ ಆಯೋಗ ಇದೆ. ದೂರು ಬರೆಯುವುದು ಕಷ್ಟವಾದರೆ ಕಾಗದಗಳನ್ನು ತೆಗೆದುಕೊಂಡು ಬನ್ನಿರಿ, ಕೂತು ಬರೆಯೋಣ.